ಬಿಸಿ ಟೈರಿನಿಂದ ಬಿಟ್ಟ ಗಾಳಿ

ಹೆದ್ದಾರಿಯ ಡ್ರೈವರುಗಳು ನನ್ನ ಅಣ್ಣನಿಗೆ ಇಟ್ಟಿರುವ ಹೆಸರು ಅರ್ಧಗಂಟೆ. ಬೇಸಿಗೆಯ ಮಧ್ಯಾಹ್ನ ನಮ್ಮ ಟೈರ್ ಅಂಗಡಿಯ ಮುಂದೆ ಯಾವ ಗಾಡಿ ಬಂದು ನಿಂತರೂ ಅವನು ಗಾಳಿಯ ಪೈಪಿಗೆ ಕೈ ಹಾಕುವುದಿಲ್ಲ. ಮಗುವಿನ ಜ್ವರ ನೋಡುವ ಹಾಗೆ ಕೈ ಮಗುಚಿ, ಬೆರಳ ಹಿಂಭಾಗವನ್ನು ಟೈರಿನ ಪಕ್ಕಕ್ಕೆ ತಾಗಿಸುತ್ತಾನೆ. ಆಮೇಲೆ ಒಂದೇ ಮಾತು.

"ಅರ್ಧ ಗಂಟೆ ಕೂತ್ಕೊಳ್ಳಿ."

"ಗಾಳಿ ನೋಡೋಕೆ ಅರ್ಧ ಗಂಟೇನಾ? ತಲೆ ಸರಿ ಇದೆಯೇನ್ರೀ ನಿಮಗೆ?"

"ತಲೆ ಸರಿ ಇದೆ. ಟೈರು ಸುಡ್ತಾ ಇದೆ. ನೆರಳಲ್ಲಿ ಕೂತು ನೀರು ಕುಡೀರಿ."

ಅರ್ಧ ಜನ ಬೈದುಕೊಂಡು ಹೊರಟುಹೋಗುತ್ತಾರೆ. ಉಳಿದವರು ಬೆಂಚಿನ ಮೇಲೆ ಕೂರುತ್ತಾರೆ, ಕೂತ ತಪ್ಪಿಗೆ ಅವನ ಉಪದೇಶ ಕೇಳುತ್ತಾರೆ. ಟೈರು ಪೂರ್ತಿ ತಣ್ಣಗಾಗಲು ಮೂರು ಗಂಟೆ ಬೇಕು, ಅಷ್ಟು ಹೊತ್ತು ಯಾವ ಪುಣ್ಯಾತ್ಮ ಕೂರುತ್ತಾನೆ, ಅದಕ್ಕೇ ಅರ್ಧ ಗಂಟೆ. ಗಾಳಿ ನೋಡಿಸುವುದಿದ್ದರೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿಸಿ. ಎಂಜಿನ್ ಕುದಿಯುತ್ತಿರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಮಗುವನ್ನು ಒಳಗೆ ಮಲಗಿಸಿ, ಗಾಜು ಎರಡು ಬೆರಳು ಇಳಿಸಿ, ಈಗ ಬಂದೆ ಎಂದು ಹೋಗಬೇಡಿ. ಕಣ್ಣು ಎಳೆಯುತ್ತಿದ್ದರೆ ಮರದ ಕೆಳಗೆ ನಿಲ್ಲಿಸಿ ಹತ್ತು ನಿಮಿಷ ಮಲಗಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಶೂರತನ ತೋರಿಸಬೇಡಿ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾನೆ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಸ್ಟೇರಿಂಗ್ ಮುಟ್ಟದ ನಾನು ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಿಬಿಡುತ್ತೇನೆ.

ಅವನಿಗೀಗ ಅರವತ್ತು ದಾಟಿದೆ. ಅವನು ಮದುವೆಯಾಗಲಿಲ್ಲ, ನಾನು ಆಗಿ ಬಿಟ್ಟುಬಂದೆ, ಲೆಕ್ಕ ಸಮ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಬಾಗಿಲು. ರಬ್ಬರಿನ ವಾಸನೆ ಹಾಸಿಗೆಯವರೆಗೂ ಬರುತ್ತದೆ. ಅವನಿಗೆ ಕೈಕೆಲಸ ಗೊತ್ತು, ಅಕ್ಷರ ಗೊತ್ತಿಲ್ಲ. ಅಂಕಿ ಓದುತ್ತಾನೆ, ಅಷ್ಟೆ. ಆದ್ದರಿಂದ ಈ ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಓದಿ ಹೇಳುವವಳು ನಾನು. ಕರೆಂಟ್ ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನೂ ಬಿಡದೆ ಓದಿಸುತ್ತಾನೆ. "ಪುಟ್ಟಿ, ಇದರಲ್ಲಿ ಏನಿದೆ ನೋಡು" ಅನ್ನುತ್ತಾನೆ. ಐವತ್ತೈದು ವರ್ಷದ ಪುಟ್ಟಿ ನಾನು.

ಅವನು ಮೊದಲಿನಿಂದ ಹೀಗಿರಲಿಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಕಾನೂನು ಹೇಳಿಕೊಟ್ಟಿದ್ದ: ಬೇಸಿಗೆ ಬಂತೆಂದರೆ ಪ್ರತಿ ಟೈರಿಗೂ ಐದು ಪೌಂಡ್ ಗಾಳಿ ಕಡಿಮೆ. ಬಿಸಿಲಿಗೆ ಒಳಗಿನ ಗಾಳಿ ಉಬ್ಬುತ್ತದೆ, ಉಬ್ಬಿದರೆ ಸಿಡಿಯುತ್ತದೆ, ಮೊದಲೇ ಸ್ವಲ್ಪ ಬಿಟ್ಟರೆ ಕ್ಷೇಮ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಮಾತು. ಈ ರಸ್ತೆಯ ಉದ್ದಕ್ಕೂ ಎಲ್ಲ ಟೈರ್ ಅಂಗಡಿಯವರೂ ಹಾಗೇ ಮಾಡುತ್ತಿದ್ದರು. ಮೂವತ್ತು ವರ್ಷ ನನ್ನ ಅಣ್ಣನೂ ಮಾಡಿದ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಹನ್ನೊಂದು ವರ್ಷದ ಹಿಂದಿನ ಮೇ ತಿಂಗಳು. ಊಟದ ಹೊತ್ತು. ನಾಲ್ಕು ಗಂಟೆ ಒಂದೇ ಸಮ ಓಡಿ ಬಂದ ಒಂದು ಬಿಳಿ ಕಾರು ಅಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನ ತುಂಬ ಸಾಮಾನು, ಮೇಲೆಯೂ ಹಗ್ಗ ಬಿಗಿದ ಸಾಮಾನು. ಓಡಿಸುತ್ತಿದ್ದವನು ಕನ್ನಡಕದ ಯುವಕ. ಪಕ್ಕದಲ್ಲಿ ಅವನ ಹೆಂಡತಿ, ಅವಳ ತೊಡೆಯ ಮೇಲೆ ಮೂರು ವರ್ಷದ ಹುಡುಗಿ ಮಲಗಿದ್ದಳು. ಬಿಸಿಲು ತಡೆಯಲು ಗಾಜಿಗೆ ಒದ್ದೆ ಟವೆಲ್ ಸಿಕ್ಕಿಸಿದ್ದರು. ಮಗುವಿನ ಒಂದು ಕಾಲಲ್ಲಿ ಕಾಲುಚೀಲವಿತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಇನ್ನೂ ಇನ್ನೂರು ಕಿಲೋಮೀಟರ್ ಇದೆ, ಗಾಳಿ ಒಂದು ನೋಡಿಬಿಡಿ" ಎಂದ ಕನ್ನಡಕದವನು.

ಮೀಟರು ನಲವತ್ತು ತೋರಿಸಿತು. ಆ ಕಾರಿಗೆ ಇರಬೇಕಾದ್ದು ಮೂವತ್ಮೂರು. ಅಣ್ಣ ಮೇಸ್ತ್ರಿಯ ಕಾನೂನಿನಂತೆ ಐದು ಕಳೆದು ಇಪ್ಪತ್ತೆಂಟಕ್ಕೆ ಇಳಿಸಿದ. ನಾಲ್ಕೂ ಟೈರಿನ ಪಿನ್ನು ಒತ್ತಿ ಹಿಡಿದು ಬುಸ್ಸೆಂದು ಗಾಳಿ ಬಿಟ್ಟ. ಆ ಹೆಂಗಸು ನನ್ನನ್ನು ನೋಡಿ ನಕ್ಕು ಬಾಟಲಿ ಚಾಚಿದಳು. ನೀರು ತುಂಬಿಸಿ ಕೊಟ್ಟೆ. ಅವಳು ತಾನು ಕುಡಿಯುವ ಮುಂಚೆ ಅಂಗೈಯಲ್ಲಿ ಸ್ವಲ್ಪ ಸುರಿದುಕೊಂಡು ಮಗುವಿನ ಬರಿಯ ಪಾದಕ್ಕೆ ಸವರಿದಳು.

"ಇನ್ನು ನಿಶ್ಚಿಂತೆಯಿಂದ ಹೋಗಿ. ಏನೂ ಆಗಲ್ಲ" ಎಂದ ಅಣ್ಣ. ಅವರು ಹೋದರು. ನಾವು ಊಟ ಮಾಡಿದೆವು.

ಸಂಜೆ ಎದುರು ದಿಕ್ಕಿನಿಂದ ಬಂದ ಲಾರಿಯವನು ಸುದ್ದಿ ಹೇಳಿದ. ಹದಿನೇಳನೇ ಕಿಲೋಮೀಟರ್ ಕಲ್ಲಿನ ಹತ್ತಿರ ಬಿಳಿ ಕಾರೊಂದು ಟೈರು ಸಿಡಿದು ಮೂರು ಪಲ್ಟಿ ಹೊಡೆದಿದೆ, ಒಬ್ಬಳು ಹೆಂಗಸು ಅಲ್ಲೇ ಹೋಗಿಬಿಟ್ಟಳಂತೆ. ನನಗೆ ಬಾಟಲಿ ಚಾಚಿದವಳೇ ನೆನಪಾದಳು. ಅಣ್ಣ ಮಾತ್ರ ಲೊಚಗುಟ್ಟಿದ. "ಪಾಪ, ಯಾರೋ ಏನೋ. ಗಾಳಿ ಜಾಸ್ತಿ ತುಂಬಿಸ್ಕೊಂಡಿರ್ಬೇಕು. ನನ್ನ ಹತ್ತಿರ ನಿಲ್ಸಿದ್ರೆ ಇಳಿಸಿ ಕಳಿಸ್ತಿದ್ದೆ." ಹಾಗೆ ಹೇಳುವಾಗ ಅವನ ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಷವಿರಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಮಳೆ ಶುರುವಾಗಿತ್ತು. ಟ್ಯೂಬುಗಳನ್ನು ಜೋಡಿಸಿಡುವ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ಗುಡಿಸುತ್ತಿದ್ದೆ. ಅಲ್ಲಾಡುತ್ತದೆಂದು ಅದರ ಒಂದು ಕಾಲಿಗೆ ಕಾಗದ ಮಡಚಿ ಕೊಟ್ಟಿದ್ದೆ. ಅದು ಒದ್ದೆಯಾಗಿತ್ತು. ಎಳೆದು ತೆಗೆದು, ಬಿಸಾಡುವ ಮುಂಚೆ ಬಿಡಿಸಿದೆ. ಟೈರ್ ಕಂಪನಿಯವರು ಕಳಿಸಿದ್ದ ಕಾಗದ. ಬೆಳಗಿನಿಂದ ಮಾತಿಗೆ ಯಾರೂ ಸಿಕ್ಕಿರಲಿಲ್ಲ. ಅಣ್ಣ ಒಳಗೆ ಊಟಕ್ಕೆ ಕೂತಿದ್ದ. ನಡುವಿನ ಬಾಗಿಲಲ್ಲಿ ನಿಂತು, ಯಾವಾಗಲೂ ಓದುವ ಹಾಗೆ ಜೋರಾಗಿ ಓದತೊಡಗಿದೆ.

"ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚಾಗಿ ಕಾಣುವುದು ಸಹಜ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಇನ್ನೂ ಹೆಚ್ಚು ಕಾಯುತ್ತದೆ, ವೇಗದಲ್ಲಿ ಸಿಡಿಯುತ್ತದೆ."

ನಾನು ಏನು ಓದುತ್ತಿದ್ದೇನೆಂದು ನನಗೆ ತಿಳಿದದ್ದು ಸಿಡಿಯುತ್ತದೆ ಅನ್ನುವ ಮಾತಿಗೆ ಬಂದಾಗ. ಅಷ್ಟರಲ್ಲಿ ಬಾಯಿಂದ ಬಿದ್ದುಹೋಗಿತ್ತು.

"ಇನ್ನೊಂದ್ಸಲ ಓದು" ಎಂದ.

ಓದಿದೆ. ಅವನು ತುತ್ತು ಹಿಡಿದಿದ್ದ ಕೈಯನ್ನು ತಟ್ಟೆಗೆ ಇಳಿಸಿದ.

"ಇದು ಯಾವಾಗ ಬಂತು?"

"ಇವತ್ತೇ ಬಂತು" ಎಂದೆ.

ಸುಳ್ಳು. ಆ ಕಾಗದ ಬಂದದ್ದು ಮಾರ್ಚಿನಲ್ಲಿ, ಬೇಸಿಗೆಯ ಹೊಸ ಟ್ಯೂಬುಗಳ ಕಟ್ಟಿನ ಜೊತೆ, ಆ ಬಿಳಿ ಕಾರು ಬರುವುದಕ್ಕೆ ಎರಡು ತಿಂಗಳ ಮುಂಚೆ. ಕರೆಂಟ್ ಬಿಲ್ಲಿನ ಬೆನ್ನನ್ನೂ ಬಿಡದೆ ಓದುವ ನಾನು ಅವತ್ತೊಂದು ದಿನ ಯಾವುದೋ ಜಾಹೀರಾತು ಅಂದುಕೊಂಡು, ನಾಲ್ಕು ಮಡಿಕೆ ಮಾಡಿ ಸ್ಟ್ಯಾಂಡಿನ ಕಾಲಿಗೆ ತುರುಕಿದ್ದೆ. ಮಾರ್ಚಿನಲ್ಲಿ ಬಂತು ಎಂದರೆ ಅವನು ಮುಂದಿನ ಪ್ರಶ್ನೆ ಕೇಳುತ್ತಿದ್ದ. ಹೆದರಿದೆ. ಬೇರೆ ಕಾರಣವಿಲ್ಲ, ದೊಡ್ಡ ದೊಡ್ಡ ಮಾತು ಹೇಳಿ ಅದನ್ನು ಮುಚ್ಚುವುದಿಲ್ಲ. ಕಾಗದವನ್ನು ಒಲೆಗೆ ಹಾಕಿದೆ. ಆ ಸ್ಟ್ಯಾಂಡು ಇವತ್ತಿಗೂ ಅಲ್ಲಾಡುತ್ತದೆ, ಅದರ ಕೆಳಗೆ ಏನನ್ನೂ ಇಡಲು ನನಗೆ ಕೈ ಬರುವುದಿಲ್ಲ.

ಆವತ್ತಿನಿಂದ ನನ್ನ ಅಣ್ಣನನ್ನು ಆ ಕಾರು ಹಿಡಿದುಕೊಂಡಿತು. ಹಿಡಿದುಕೊಂಡಿತು ಎಂದೇ ಹೇಳಬೇಕು, ಬೇರೆ ಮಾತು ಸಾಲದು. ಸತ್ತವಳು ಅವಳೇನಾ ಎಂದು ಅವನಿಗೆ ಗೊತ್ತಿರಲಿಲ್ಲ. ಬಿಳಿ ಕಾರು ದಿನಕ್ಕೆ ನೂರು ಹೋಗುತ್ತವೆ. "ಲೋಕದಲ್ಲಿ ಬಿಳಿ ಕಾರು ಅದೊಂದೇನಾ?" ಎಂದು ನಾನು ಸಾವಿರ ಸಲ ರೇಗಿದ್ದೇನೆ. "ಅದೊಂದೇ ಅಲ್ಲ. ಆದ್ರೆ ಅದೂ ಒಂದು" ಅನ್ನುತ್ತಿದ್ದ. ಹೋಗಿ ವಿಚಾರಿಸು ಎಂದರೆ ಹೋಗುತ್ತಿರಲಿಲ್ಲ. ಹದಿನೇಳನೇ ಕಲ್ಲಿನ ದಿಕ್ಕಿಗೆ ಒಂದು ಹೆಜ್ಜೆ ಇಡಲಿಲ್ಲ. ಆ ಕಡೆಯ ಸಾಮಾನಿಗೆಲ್ಲ ನಾನೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಆ ಕಲ್ಲನ್ನು ದಾಟುವಾಗ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಒಂದರಿಂದ ಎರಡರವರೆಗೆ ಅವನು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದ. ದೂರದಲ್ಲಿ ಟಾರು ನೀರಿನ ಹಾಗೆ ಹೊಳೆಯುತ್ತದಲ್ಲ, ಅದರೊಳಗಿಂದ ಆ ಕಾರು ಬರುತ್ತದೆಂದು ಹೇಳುತ್ತಿದ್ದ. ಬರುತ್ತದೆ, ಹತ್ತಿರವಾಗುತ್ತದೆ, ಗಾಜಿನಲ್ಲಿ ಟವೆಲ್ ಕಾಣುತ್ತದೆ, ಆಮೇಲೆ ಬೇರೆ ಯಾವುದೋ ಗಾಡಿಯಾಗಿ ಹೊರಟುಹೋಗುತ್ತದೆ. ಹೇಳುವಾಗ ಅವನ ದನಿ ಮಾಮೂಲಿಯಾಗಿರುತ್ತಿತ್ತು, ಅದೇ ನನಗೆ ಹೆಚ್ಚು ಭಯ. ಎಲ್ಲೋ ಗಣಿಯಲ್ಲಿ ಸಿಡಿಮದ್ದು ಹಾರಿಸಿದರೆ ಊಟದ ಮಧ್ಯೆ ಎದ್ದು ಹೊರಗೆ ಓಡುತ್ತಿದ್ದ. ಏಪ್ರಿಲ್ ಬಂತೆಂದರೆ ಬಲಗೈ ಹೆಬ್ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಅವತ್ತು ಪಿನ್ನಿನಿಂದ ಬಂದ ಬಿಸಿ ಗಾಳಿ ಆ ಬೆರಳಿನ ಮೇಲೆ ಇನ್ನೂ ಊದುತ್ತಿದೆ ಅನ್ನುತ್ತಿದ್ದ. ಡಾಕ್ಟರು ಬೆರಳು ತಿರುಗಿಸಿ ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲ ಎಂದು ನನಗೂ ಕಾಣುತ್ತಿತ್ತು, ಅದಕ್ಕೆ ಡಾಕ್ಟರೇ ಬೇಕಿತ್ತೇ?

ಅರ್ಧ ಗಂಟೆಯ ಪದ್ಧತಿ ಶುರುವಾದದ್ದು ಆಗ. ಬೇರೆ ಅಂಗಡಿಗಳಿಗೂ ಹೋಗಿ ಕೈಮುಗಿದು ಹೇಳಿದ. ಕೆಲವರು ಕೇಳಿದರು, ಕೆಲವರು ಬಿಸಿಲಿಗೆ ತಲೆ ತಿರುಗಿದೆ ಎಂದು ನಕ್ಕರು. ನಕ್ಕವರ ಅಂಗಡಿಗೆ ನಾನೂ ಹೋಗಿ ನಾಲ್ಕು ಮಾತು ಝಾಡಿಸಿ ಬಂದೆ. ಅಣ್ಣನ ಪರವಾಗಿ ಯಾರ ಮೇಲಾದರೂ ಕಾಲು ಕೆರೆದು ಜಗಳಕ್ಕೆ ಹೋಗುವುದು ನನ್ನ ಚಾಳಿಯಾಯಿತು. ಯಾಕೆಂದು ನೀವು ಆಗಲೇ ಊಹಿಸಿರುತ್ತೀರಿ.

ಹೀಗೆ ಒಂಬತ್ತು ವರ್ಷ ಸವೆಯಿತು. ಹೋದ ವರ್ಷವಲ್ಲ, ಅದರ ಹಿಂದಿನ ಬೇಸಿಗೆ. ಬೂದಿ ಬಣ್ಣದ ಕಾರೊಂದು ಬಂದು ನಿಂತಿತು. ಇಳಿದವನು ಎಡಗಾಲು ಎಳೆಯುತ್ತಿದ್ದ. ತಲೆ ಅರ್ಧ ನರೆತಿತ್ತು. ಹಿಂದಿನ ಸೀಟಿನಿಂದ ಹನ್ನೆರಡು ವರ್ಷದ ಹುಡುಗಿ ಇಳಿದಳು. ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಕೂತಿದ್ದಳು. ಅವಳ ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು. ಅಣ್ಣ ಟೈರು ಮುಟ್ಟಿ, ಅರ್ಧ ಗಂಟೆ ಎಂದ. ಬಂದವನು ಬೈಯದೆ ಬೆಂಚಿನ ಮೇಲೆ ಕೂತ. ಕನ್ನಡಕ ತೆಗೆದು ಒರೆಸಿದ. ನನಗೆ ಆಗಲೇ ಗುರುತು ಸಿಕ್ಕಿತು. 

"ನೀವು ಮರ್ತಿರ್ತೀರಿ. ಒಂಬತ್ತು ವರ್ಷದ ಹಿಂದೆ ಇಲ್ಲೇ ಗಾಳಿ ನೋಡ್ಸಿದ್ದೆ" ಎಂದ ಅವನು ಅಣ್ಣನಿಗೆ. "ಆಮೇಲೆ ಈ ರಸ್ತೆಗೆ ಬರೋಕೆ ಆಗಿರ್ಲಿಲ್ಲ. ಇವತ್ತು ಗಟ್ಟಿ ಮನಸ್ಸು ಮಾಡಿ ಬಂದೆ. ನಿಮಗೊಂದು ಮಾತು ಹೇಳೋಣ ಅಂತ ನಿಲ್ಲಿಸ್ದೆ."

ಅಣ್ಣ ನಿಂತೇ ಇದ್ದ.

"ನೀವು ನಿಮ್ಮ ಕೆಲ್ಸ ಸರಿಯಾಗಿ ಮಾಡಿ ಕಳ್ಸಿದ್ರಿ. ನಾನೇ ಕೆಟ್ಟೆ. ನೂರಿಪ್ಪತ್ತರಲ್ಲಿ ಹೋಗ್ತಿದ್ದೆ. ನಿಧಾನ ಹೋಗಿ ಅಂದ್ಲು. ಈಗ ತಾನೇ ಗಾಳಿ ನೋಡ್ಸಿದ್ದೀನಿ, ಏನೂ ಆಗಲ್ಲ ಅಂದೆ. ಅದೇ ನಾನು ಅವಳಿಗೆ ಹೇಳಿದ ಕೊನೇ ಮಾತು."

ಹುಡುಗಿ ಬೆಂಚಿನ ಆ ತುದಿಯಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಈ ಕಥೆಯನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಮುಖದಲ್ಲಿ ಏನೂ ಇರಲಿಲ್ಲ, ಅಪ್ಪನ ಕಡೆ ತಿರುಗಲೂ ಇಲ್ಲ.

ಅಣ್ಣ ಬಾಯಿ ತೆರೆಯುತ್ತಾನೆಂದು ನನಗೆ ತಿಳಿಯಿತು. ಅವನ ಮತ್ತು ಅವರ ನಡುವೆ ನುಗ್ಗಿದೆ. "ನೀರು ತಗೊಳ್ಳಿ, ಬಿಸಿಲಲ್ಲಿ ಬಂದಿದ್ದೀರಿ. ಹಳೇದೆಲ್ಲ ಯಾಕೆ ಈಗ" ಎಂದು ಏನೇನೋ ಬಡಬಡಿಸಿದೆ. ಅಣ್ಣನ ಕಾಲನ್ನೂ ತುಳಿದೆ. ಅವನು ಮೆಲ್ಲಗೆ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

"ನಾನು ಮಾಡಿದ್ದು ಸರಿ ಅಲ್ಲ ಸ್ವಾಮಿ" ಎಂದ. "ಬಿಸಿ ಟೈರಿಂದ ಗಾಳಿ ಬಿಟ್ಟೆ. ಒಂದೊಂದರಿಂದ ಹನ್ನೆರಡು ಪೌಂಡ್. ಬಿಡಬಾರದು. ಬಿಟ್ರೆ ಟೈರು ಇನ್ನೂ ಕಾದು ಒಡೆಯುತ್ತೆ. ಹಾಗೇ ಒಡೆದದ್ದು."

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಹುಡುಗಿ ಈಗ ತಿರುಗಿದ್ದಳು.

"ಅಜ್ಜಿ ಹೇಳ್ತಾರೆ ಅಪ್ಪ ಜೋರಾಗಿ ಓಡ್ಸಿದ್ದಕ್ಕೆ ಅಂತ. ಹಾಗಾದ್ರೆ ಅಪ್ಪ ಅಲ್ವಾ?" ಎಂದು ಅವಳು ಅಣ್ಣನನ್ನೇ ಕೇಳಿದಳು.

ನೂರಿಪ್ಪತ್ತರ ವೇಗ ಏನೂ ಮಾಡಲಿಲ್ಲವೇ? ಮಾಡಿತು. ಅಣ್ಣನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಬೆಂಚಿನ ಮೇಲೆ ಕೂತವರಿಗೆಲ್ಲ ವೇಗದ ಲೆಕ್ಕ ಹೇಳುವವನು ಅವನು. ಇಬ್ಬರದೂ ತಪ್ಪು ಮಗಳೇ ಎಂದು ಹೇಳಿದ್ದರೆ ಅದು ಸತ್ಯವೇ ಆಗುತ್ತಿತ್ತು.

"ಅಪ್ಪ ಅಲ್ಲ ಕಣಮ್ಮ. ನಾನು" ಎಂದ.

ಆ ಮನುಷ್ಯ ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡು ಕೈ ಕಟ್ಟಿ ನಿಂತಿದ್ದ.

"ಗೊತ್ತಿದ್ದೂ ಮಾಡಿದ್ರಾ?"

"ಇಲ್ಲ. ಗೊತ್ತಿದ್ದಿದ್ರೆ ಕೈ ಕಡಿದ್ಕೊಳ್ತಿದ್ದೆ ಹೊರತು ಮಾಡ್ತಿರ್ಲಿಲ್ಲ. ಮಳೆ ಶುರುವಾದ್ಮೇಲೆ ಒಂದು ಕಾಗದ ಬಂತು. ಇವಳೇ ಓದಿ ಹೇಳಿದ್ಲು. ಅಲ್ಲೀತನಕ ಗೊತ್ತಿರ್ಲಿಲ್ಲ. ಬೇಕಾದ್ರೆ ಕೇಳಿ." ಅಣ್ಣ ನನ್ನತ್ತ ತಿರುಗಿದ. "ಹೇಳು ಪುಟ್ಟಿ."

ಮೂವರೂ ನನ್ನನ್ನು ನೋಡಿದರು. ಆ ಹುಡುಗಿಯ ಕಣ್ಣು ನನ್ನ ಮೇಲೆ ನೆಟ್ಟಿತ್ತು. ಗಂಟಲಲ್ಲಿ ಮಾರ್ಚ್ ಅನ್ನುವ ಮಾತು ಇತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು, ದೇವರಾಣೆ ಬಂದಿತ್ತು.

"ಹೌದು. ಮಳೆ ಶುರುವಾದ್ಮೇಲೇ ಬಂತು" ಎಂದೆ. ಸಾಲದೆಂದು ಇನ್ನೂ ಸೇರಿಸಿದೆ. "ಟ್ಯೂಬಿನ ಕಟ್ಟಿನ ಜೊತೆ ಬಂತು. ಅವತ್ತೇ ಓದಿ ಹೇಳ್ದೆ."

ಆ ಮನುಷ್ಯ ಬೆಂಚಿನ ಮೇಲೆ ಕುಸಿದು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.  ಹುಡುಗಿ ಸರಿದು ಬಂದು ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟಳು. ಅಭ್ಯಾಸವಿಲ್ಲದ ಕೈ, ಎಲ್ಲಿಡಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಅವನು ಅಣ್ಣನನ್ನು ಬೈಯಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಹೊರಡುವಾಗ, "ಈಗ ಟೈರು ನೋಡಿ" ಎಂದಷ್ಟೇ ಅಂದ. ಅಣ್ಣ ನಾಲ್ಕೂ ನೋಡಿದ. ಹುಡುಗಿ ಮುಂದಿನ ಬಾಗಿಲು ತೆರೆದು ಅಪ್ಪನ ಪಕ್ಕ ಕೂತಳು. ಕಾರು ನಿಧಾನವಾಗಿ ಹೋಯಿತು.

ಅಣ್ಣ ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದ. ಕೈ ತೊಳೆಯುವಾಗ ಹೆಬ್ಬೆರಳಿನ ಬಟ್ಟೆ ಬಿಚ್ಚಿ ಬಿಸಾಡಿದ, ಮತ್ತೆ ಸುತ್ತಿಕೊಳ್ಳಲಿಲ್ಲ. ಮುಂದಿನ ವಾರ ಹದಿನೇಳನೇ ಕಲ್ಲಿನ ಆಚೆಗೆ ತಾನೇ ಹೋಗಿ ಸಾಮಾನು ತಂದ. ಮಧ್ಯಾಹ್ನ ರಸ್ತೆಯಲ್ಲಿ ನಿಲ್ಲುವುದು ಬಿಟ್ಟ. ಅರ್ಧ ಗಂಟೆ ಮಾತ್ರ ಬಿಡಲಿಲ್ಲ, ಅದು ಬಿಡುವಂಥದ್ದಲ್ಲ. ಅವನನ್ನು ಹಿಡಿದದ್ದು ಅವನನ್ನು ಬಿಟ್ಟುಹೋಯಿತು. ಸಂತೋಷಪಡಬೇಕಾದವಳು ನಾನು. ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಹೇಳಿ ಮುಗಿಸಿ ಹಗುರಾಗಿ ಓಡಾಡುವವನನ್ನು ಕಂಡರೆ ಈಗಲೂ ಆಗುತ್ತದೆ. ಈಗ ಒಂದರಿಂದ ಎರಡರವರೆಗೆ ಬಾಗಿಲಲ್ಲಿ ನಿಲ್ಲುವವಳು ನಾನು. ನನಗೆ ಕಾರು ಕಾಣುವುದಿಲ್ಲ. ಗಾಜಿನಿಂದ ಆಚೆ ಚಾಚಿದ ಬಾಟಲಿ ಕಾಣುತ್ತದೆ, ಅದನ್ನು ಹಿಡಿದವಳು ನಗುತ್ತಿರುತ್ತಾಳೆ.

ಪ್ರತಿದಿನ ಊಟಕ್ಕೆ ಬಡಿಸುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತೇನೆ. ಎದುರಿಗೆ ಕೂರುತ್ತೇನೆ. ಅವನು ಎರಡು ತುತ್ತು ತಿಂದು ತಲೆ ಎತ್ತುತ್ತಾನೆ.

"ಏನೋ ಹೇಳ್ಬೇಕು ಅಂತಿದ್ದೀಯ ಪುಟ್ಟಿ?"

"ಉಪ್ಪು ಸಾಕಾ ಅಂತ ಕೇಳೋಣ ಅಂತಿದ್ದೆ."

"ಸಾಕು" ಅನ್ನುತ್ತಾನೆ.